ಕಣ್ಣಿನ ಆಪಾ

ನನ್ನ ಕಣ್ಣು ಕೆಟ್ಟಿದೆ ಎಂದುಕೊಂಡೇ ನಾನು ಅವರ ಬಳಿಗೆ ಹೋದದ್ದು. ಅವರು ಕಣ್ಣಿನ ಡಾಕ್ಟರಲ್ಲ ಎಂಬುದು ನಮ್ಮೂರು ಇಂಡಿಯ ಅರ್ಧ ಜನರಿಗೆ ಕೊನೆಯವರೆಗೂ ತಿಳಿಯಲಿಲ್ಲ. "ಗುರುವಾರಕ್ಕೊಮ್ಮಿ ಮುದ್ದೇಬಿಹಾಳದಿಂದ ಒಬ್ಬಾಕಿ ಆಪಾ ಬರ್ತಾಳ್ರಿ ಟೀಚರ್, ಕಣ್ಣ ನೋಡಿ ಎದ್ಯಾಗಿನ ಬ್ಯಾನಿ ಹಿಡೀತಾಳ" ಎಂದು ನಮ್ಮ ಶಾಲೆಯಲ್ಲಿ ಬಿಸಿಯೂಟ ಮಾಡುವ ಹೆಂಗಸು ಹೇಳಿದ್ದಳು. ನನ್ನ ಕಿವಿಗೆ ಬಿದ್ದದ್ದು ಕಣ್ಣಿನ ಮಾತು ಮಾತ್ರ.

ಬಸ್ ನಿಲ್ದಾಣದ ಹಿಂದೆ, ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿಯ ಮೇಲೆ ಒಂದು ಕೋಣೆ. ಯಾವುದೋ ಸೇವಾಸಂಸ್ಥೆಯವರು ಬಾಡಿಗೆಗೆ ಹಿಡಿದದ್ದು. ನಾನು ಮೆಟ್ಟಿಲು ಹತ್ತಿದಾಗ ಹೊರ್ತಿ ಕಡೆಯ ಒಬ್ಬ ಮುದುಕ ಬಾಗಿಲಲ್ಲಿ ಆಪಾ ಜೊತೆ ವಾದಕ್ಕೆ ನಿಂತಿದ್ದ.

"ನಾ ಕಣ್ಣಿನ ಡಾಕ್ಟರ ಅಲ್ಲೋ ಯಪ್ಪಾ. ನಿನಗ ಪೊರಿ ಬಂದೈತಿ. ದೊಡ್ಡ ದವಾಖಾನಿಗೆ ಹೋಗಬೇಕು."

"ಮತ್ತ ಮಂದಿ ಕಣ್ಣ ಮುಂದ ಕಡ್ಡಿ ಹಿಡದು ಏನ ನೋಡ್ತಿ ನೀ?"

"ನಾ ಏನೂ ನೋಡೂದಿಲ್ಲ. ಅವರು ಏನ ನೋಡಾಕ ಅಂಜ್ತಾರ, ಅದನ್ನ ಅವರು ನೋಡೂ ತನಕ ಜೋಡಿ ಕುಂದರ್ತೇನಿ."

ಮುದುಕ ಸ್ವಲ್ಪ ಯೋಚಿಸಿ, "ಹಂಗಾದ್ರ ನನಗ ಬ್ಯಾಡ ಬಿಡು. ನನಗ ಅಂಜಿಕಿ ಇಲ್ಲ, ಬರೇ ಮಬ್ಬ ಐತಿ" ಎಂದ. ಅವರು ಮೆಟ್ಟಿಲ ಕೆಳಗಿನ ಅಂಗಡಿಯವರಿಗೂ ಕೇಳುವ ಹಾಗೆ ನಕ್ಕರು. ನನ್ನತ್ತ ತಿರುಗಿ "ಕುಂದರ್ರಿ, ಬಂದೆ" ಎಂದವರೇ ಆತನ ಕೈ ಹಿಡಿದು ಕೆಳಗಿಳಿಸಿ, ಆಟೋದಲ್ಲಿ ಕೂರಿಸಿ, ದವಾಖಾನೆಯಲ್ಲಿ ಯಾವ ಬಾಗಿಲಿಗೆ ಹೋಗಬೇಕೆಂದು ಆಟೋದವನಿಗೆ ಎರಡೆರಡು ಸಲ ಹೇಳಿ ಮೇಲೆ ಬಂದರು.

ನಲವತ್ತು ದಾಟಿದ ಹೆಂಗಸು. ದಪ್ಪ ಹುಬ್ಬು, ಮೂಗಿನ ಪಕ್ಕ ಒಂದು ಮಚ್ಚೆ. ತಲೆ ಮೇಲಿನ ದುಪಟ್ಟಾ ಜಾರಿದರೆ ಅದರ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಕೈಯ ಕೆಲಸ ಮುಂದುವರಿಸುತ್ತಿದ್ದರು. ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ತಮ್ಮ ಹತ್ತಿರ ಬಂದವರ ಹೆಸರನ್ನು ಅವರು ಯಾರ ಮುಂದೂ ಎತ್ತಿದವರಲ್ಲ. ಸೋಮವಾರ ಸಿಂದಗಿ, ಗುರುವಾರ ಇಂಡಿ, ಶನಿವಾರ ಬಸವನ ಬಾಗೇವಾಡಿ, ಉಳಿದ ದಿನ ತಮ್ಮೂರು ಮುದ್ದೇಬಿಹಾಳ. ಎಲ್ಲ ಕಡೆಯೂ ಬಸ್ಸಿನಲ್ಲೇ ಓಡಾಟ. ಎಲ್ಲ ಕಡೆಯೂ ಜನರಿಗೆ ಅವರು ಆಪಾ, ಅಕ್ಕ.

"ಕಣ್ಣಿಗೇನಾಗೈತ್ರಿ?" ಎಂದು ಕೇಳಿದರು.

ನಾನು ಹೇಳಿದೆ. ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ. ಬೇಸಿಗೆ ರಜೆ ಮುಗಿದು ಶಾಲೆ ತೆರೆದಾಗಿನಿಂದ ಬೋರ್ಡಿನ ಬಲಗಡೆ, ಮೇಲ್ಭಾಗದಲ್ಲಿ ಬರೆಯಲು ಆಗುತ್ತಿರಲಿಲ್ಲ. ಕೈ ಅಲ್ಲಿಗೆ ಹೋಗುತ್ತಿತ್ತು, ಕಣ್ಣು ಹೋಗುತ್ತಿರಲಿಲ್ಲ. ಹೋದರೆ ಎದೆ ಬಿಗಿದು ಬೆವರು ಕಿತ್ತುಕೊಂಡು ಬರುತ್ತಿತ್ತು. ನನಗೇ ಗೊತ್ತಿಲ್ಲದೆ ಎಲ್ಲವನ್ನೂ ಎಡಗಡೆ ಒತ್ತೊತ್ತಿ ಬರೆಯತೊಡಗಿದ್ದೆ. ಒಂದು ದಿನ ಮುಂದಿನ ಸಾಲಿನ ಹುಡುಗಿ ಎದ್ದು ನಿಂತು, "ಟೀಚರ್, ಆ ಕಡೆ ಬೋರ್ಡ್ ಖಾಲಿನೇ ಐತಲ್ರಿ" ಎಂದಿದ್ದಳು. ಕಣ್ಣಿನ ಡಾಕ್ಟರರು ಎರಡೂ ಕಣ್ಣಿಗೆ ಬೆಳಕು ಬಿಟ್ಟು ನೋಡಿ ಏನೂ ದೋಷವಿಲ್ಲ ಎಂದಿದ್ದರು.

ಆಪಾ ಬೋರ್ಡಿನ ಬಗ್ಗೆ ಮತ್ತೇನೂ ಕೇಳಲಿಲ್ಲ. "ಮನ್ಯಾಗ ಏನರ ಆಗೇತೇನ್ರಿ?" ಎಂದರು. ನಾನು ಅಷ್ಟಕ್ಕೇ ಅತ್ತೆ.

ನನ್ನ ತಂಗಿ ಸಿಂದಗಿಯಲ್ಲಿ ಬ್ಯೂಟಿ ಪಾರ್ಲರ್ ಇಟ್ಟಿದ್ದಳು. ಅಂಗಡಿಗೆ ರಜೆ ಇದ್ದ ದಿನ ನಮ್ಮಲ್ಲಿಗೆ ಬರುವಳು. ಆ ಬೇಸಿಗೆ ಉಪ್ಪಿನಕಾಯಿಗೆ ಲಿಂಬೆಹಣ್ಣು ಆರಿಸಲು ಇಬ್ಬರೂ ನಮ್ಮ ತೋಟಕ್ಕೆ ಹೋಗಿದ್ದೆವು. ಮಧ್ಯಾಹ್ನ ಇದ್ದಕ್ಕಿದ್ದಂತೆ ಮೋಡ ಕವಿಯಿತು. ನಾನು ಪಂಪಿನ ಕೋಣೆಯ ಬಾಗಿಲಿಗೆ ಬಂದು ನಿಂತೆ. ಅವಳು ಬದುವಿನ ಮೇಲೆ, ಬೇವಿನ ಮರದ ಹತ್ತಿರ, ಸೆರಗಿನ ತುಂಬ ಹಣ್ಣು ಕಟ್ಟಿಕೊಂಡು ಬರುತ್ತಿದ್ದಳು. "ಬಂದ್ನೆಕ್ಕಾ" ಎಂದು ಒಂದು ಕೈ ಮೇಲೆತ್ತಿದಳು. ಸಿಡಿಲು ಬಿತ್ತು. ಅವಳು ನಿಂತಿದ್ದ ಬದು ನಾನು ನಿಂತಲ್ಲಿಂದ ಬಲಕ್ಕೆ, ಎತ್ತರದಲ್ಲಿತ್ತು.

ಇದನ್ನು ನಾನು ಮನೆಯಲ್ಲಿ ಯಾರಿಗೂ ಪೂರ್ತಿ ಹೇಳಿರಲಿಲ್ಲ. ಎಲ್ಲರಿಗೂ ಗೊತ್ತಿದ್ದ ಸಂಗತಿಯನ್ನು ಹೇಳುವುದಾದರೂ ಏನಿತ್ತು?

ಆಪಾ ಕುರ್ಚಿಯನ್ನು ಎದುರಿಗೆ ಹಾಕಿಕೊಳ್ಳುತ್ತಿರಲಿಲ್ಲ. ಸ್ವಲ್ಪ ಪಕ್ಕಕ್ಕೆ, ಮೊಣಕಾಲಿಗೆ ಮೊಣಕಾಲು ತಾಗಿಯೂ ತಾಗದಷ್ಟು ಹತ್ತಿರ. ಅವರ ಅಪ್ಪ ಮುದ್ದೇಬಿಹಾಳದಲ್ಲಿ ರೇಡಿಯೋ ದುರಸ್ತಿ ಅಂಗಡಿ ಇಟ್ಟಿದ್ದವರು. ಅಲ್ಲಿ ಉಳಿದಿದ್ದ ಒಂದು ಹಳೆಯ ಏರಿಯಲ್, ಎಳೆದರೆ ಉದ್ದವಾಗುವಂಥದು, ಅವರ ಕೈಯ ಕಡ್ಡಿ. ಅದರ ತುದಿಗೆ ಕೆಂಪು ದಾರ ಸುತ್ತಿದ್ದರು. ಧಾರವಾಡದಲ್ಲಿ ಮನಶ್ಶಾಸ್ತ್ರ ಓದಿ, ಸಾಕಷ್ಟು ವರ್ಷ ಬರೀ ಮಾತಿನ ಸಮಾಲೋಚನೆ ಮಾಡಿ, ಆಮೇಲೆ ವಿಜಯಪುರದ ಒಬ್ಬ ಹಿರಿಯ ಡಾಕ್ಟರಮ್ಮನ ಹತ್ತಿರ ಈ ವಿದ್ಯೆ ಕಲಿತಿದ್ದರು. ಆಘಾತವಾದಾಗ ಅದು ಮಾತಿಗಿಂತ ಕೆಳಗೆ, ಮೈಯೊಳಗೆ ಇಳಿದು ಕೂತಿರುತ್ತದೆ. ನೋಟ ಒಂದು ಕಡೆ ನಿಂತಾಗ ಅದು ಅಲುಗುತ್ತದೆ. ಆ ಕಡೆಯೇ ನೋಡುತ್ತ, ಪಕ್ಕದಲ್ಲಿ ಒಬ್ಬರನ್ನು ಇಟ್ಟುಕೊಂಡು, ಅದನ್ನು ಪೂರ್ತಿ ಹಾದುಹೋಗಲು ಬಿಡಬೇಕು. ಅವರು ನನಗೆ ತಿಳಿಸಿದ್ದು ಇಷ್ಟು.

"ಇದರ ಭಾರ ಎಷ್ಟೈತಿ ಹೇಳ್ರಿ. ತಂಬಿಗಿ ಅಷ್ಟೋ, ಕೊಡದಷ್ಟೋ, ಹಂಡೇದಷ್ಟೋ?"

"ಹಂಡೆ" ಎಂದೆ.

"ಮೈಯಾಗ ಎಲ್ಲಿ ಕುಂತೈತಿ?"

ಗಂಟಲ ಕೆಳಗೆ ತೋರಿಸಿದೆ. ಅವರು ಆ ಕೆಂಪು ದಾರವನ್ನು ನನ್ನ ಎಡದಿಂದ ಬಲಕ್ಕೆ ನಿಧಾನವಾಗಿ ಸರಿಸುತ್ತ ಹೋದರು. ಅವರು ನೋಡುತ್ತಿದ್ದುದು ಕಡ್ಡಿಯನ್ನಲ್ಲ, ನನ್ನ ರೆಪ್ಪೆಯನ್ನು, ನಾನು ಉಗುಳು ನುಂಗುವುದನ್ನು. ಬಲಕ್ಕೆ, ಮೇಲೆ, ಒಂದು ಕಡೆ ಕಡ್ಡಿ ನಿಂತಿತು.

"ಇಲ್ಲೇ ನೋಡ್ರಿ. ಏನ ಬರ್ತೈತಿ ಬರ್ಲಿ. ಮಾತಾಡಬೇಕಂತಿಲ್ಲ. ನಾ ಇಲ್ಲೇ ಅದೇನಿ."

ಕೆಳಗೆ ಅಂಗಡಿಯಲ್ಲಿ ಯಾರೋ ಕಬ್ಬಿಣ ಬಡಿಯುತ್ತಿದ್ದರು. ನನ್ನ ಹಲ್ಲು ಕಟಕಟಿಸಿತು. ಮೂಗಿಗೆ ಸುಟ್ಟ ವಾಸನೆ ಬಂತು, ಅದರ ಹಿಂದೆಯೇ ಲಿಂಬೆಯ ವಾಸನೆ. ಅವರ ಕೈ ಕಡ್ಡಿ ಹಿಡಿದು ಹಾಗೆಯೇ ಇತ್ತು. ಆ ಕೈ ನೋಯುವುದಿಲ್ಲವೇ ಎಂದು ನಡುವೆ ನನಗೆ ಅನ್ನಿಸಿದ್ದೂ ನೆನಪಿದೆ.

ಒಂದೇ ಸಲಕ್ಕೆ ಏನೂ ಆಗಲಿಲ್ಲ. ಎಷ್ಟೋ ಗುರುವಾರ ಹೋದೆ. ಕೆಲವು ದಿನ ಬರೀ ನಿದ್ದೆ ಬರುತ್ತಿತ್ತು, ಕೆಲವು ದಿನ ಸಿಟ್ಟು. ಎಲ್ಲರಿಗೂ ಇದು ಹತ್ತುವುದಿಲ್ಲ ಎಂದು ಅವರೇ ಹೇಳುತ್ತಿದ್ದರು. ಸಿಂದಗಿಯ ಒಬ್ಬಾಕೆ ನಡುವೆಯೇ ಬಿಟ್ಟುಹೋದಳಂತೆ. ಕೆಲವರನ್ನು ಅವರೇ ಮಾತ್ರೆ ಕೊಡುವ ಡಾಕ್ಟರರ ಬಳಿಗೆ ಕಳಿಸುತ್ತಿದ್ದರು. ನನಗೆ ಹತ್ತಿತು. ಮಳೆಗಾಲ ಮುಗಿಯುವ ಹೊತ್ತಿಗೆ ಬೋರ್ಡಿನ ಬಲಮೂಲೆಯಲ್ಲಿ ತಾರೀಖು ಬರೆದೆ.

ಅದಕ್ಕಿಂತ ದೊಡ್ಡದೊಂದು ಆಯಿತು. ಅಲ್ಲಿಯವರೆಗೆ ತಂಗಿ ಎಂದರೆ ನನಗೆ ಆ ಒಂದು ಗಳಿಗೆ ಮಾತ್ರ ಆಗಿತ್ತು. ಈಗ ಅವಳು ನನ್ನ ಹುಬ್ಬು ತಿದ್ದುವಾಗ "ಅಲಗ್ಯಾಡಬ್ಯಾಡ, ಇಲ್ಲಾಂದ್ರ ಕಳ್ಳಿ ಕಂಡಂಗ ಕಾಣ್ತಿ" ಎಂದು ಗದರಿಸುತ್ತಿದ್ದುದೆಲ್ಲ ನೆನಪಿಗೆ ಬರತೊಡಗಿತು. ಹೀಗೆಂದು ಹೇಳಿದಾಗ ಆಪಾ ನನ್ನ ಕೈ ಹಿಡಿದುಕೊಂಡು, "ನಾವು ಮರಿಯಾಕ ಕುಂದರಂಗಿಲ್ರಿ ಟೀಚರ್. ಸತ್ತದ್ದೊಂದ ಗಳಿಗಿ ಇಡೀ ಮನಷ್ಯಾನ್ನ ಮುಚ್ಚಿರ್ತೈತಿ, ಅದನ್ನ ಸರಸಾಕ ಕುಂದರ್ತೇವಿ" ಎಂದರು.

ಆಮೇಲೆ ನಾನು ಅವರನ್ನು ಬಿಡಲಿಲ್ಲ. ಗುರುವಾರ ಶಾಲೆ ಬಿಟ್ಟ ಮೇಲೆ ಫ್ಲಾಸ್ಕಿನಲ್ಲಿ ಚಹಾ ಒಯ್ದು ಹೊರಗಿನ ಮೆಟ್ಟಿಲ ಮೇಲೆ ಕೂರುತ್ತಿದ್ದೆ. ಬಂದವರಿಗೆ ನೀರು ಕೊಡುವುದು, ಅಂಜಿ ಅರ್ಧ ಮೆಟ್ಟಿಲಿಗೆ ನಿಂತ ಹೆಣ್ಣುಮಕ್ಕಳ ಜೊತೆ ಮಾತಾಡುವುದು. ಒಮ್ಮೆ ಸಿಂದಗಿ ಬಸ್ ನಿಲ್ದಾಣದಲ್ಲಿ ದೂರದಿಂದ ಅವರನ್ನು ಕಂಡೆ. ನೇರ ನನ್ನನ್ನೇ ನೋಡಿದರು, ಗುರುತೇ ಇಲ್ಲದವರ ಹಾಗೆ ಮುಖ ಪಕ್ಕಕ್ಕೆ ತಿರುಗಿಸಿದರು. ನನಗೆ ಕೆಡುಕೆನಿಸಿತು. ಹೋಗಿ "ಆಪಾ" ಎಂದಾಗ ಮುಖವರಳಿಸಿ ಕೈ ಹಿಡಿದುಕೊಂಡರು.

"ನಾನ ಮೊದಲ ಮಾತಾಡಸಂಗಿಲ್ಲವಾ. ನಿನ್ನ ಜೋಡಿ ಯಾರರ ಇದ್ರ, 'ಈಕಿನ್ನ ಹ್ಯಾಂಗ ಗೊತ್ತು' ಅಂತ ಕೇಳ್ತಾರ. ಹೇಳೂದು ಬಿಡೂದು ನಿನ್ನ ಖುಷಿ, ನಂದಲ್ಲ."

ಮಗಳ ಸಂಗತಿ ಬಂದರೆ ಮಾತ್ರ ಅವರು ಬಾಯಿ ಬಿಗಿ ಹಿಡಿಯುತ್ತಿರಲಿಲ್ಲ. ಒಬ್ಬಳೇ ಮಗಳು, ಮನೆಯಿಂದಲೇ ಬಾಗೇವಾಡಿಗೆ ಪಿಯುಸಿಗೆ ಓಡಾಡುತ್ತಿದ್ದಳು. ಗುರುವಾರ ಬಂತೆಂದರೆ ಅಮ್ಮನ ಚಪ್ಪಲಿ ಮುಚ್ಚಿಡುತ್ತಿದ್ದಳಂತೆ. ಇಂಡಿ ದೂರ, ಅಮ್ಮ ಮನೆ ಸೇರುವುದು ತಡವಾಗುತ್ತದೆ ಎಂಬ ಸಿಟ್ಟು.

ಆ ವರ್ಷ ಕಬ್ಬು ಕಡಿಯುವ ಕಾಲ. ಒಂದು ಗುರುವಾರ ಸಂಜೆ ಕತ್ತಲಾದರೂ ಆಪಾ ಒಳಗೆ ಯಾರೊಂದಿಗೋ ಕೂತಿದ್ದರು. ಅವರ ಚೀಲ ಯಾವಾಗಲೂ ಕೋಣೆಯ ಎಡಮೂಲೆಯಲ್ಲಿ, ನೆಲದ ಮೇಲೆ. ಫೋನು ಅದರೊಳಗೆ, ಸದ್ದು ತೆಗೆದು. ಬಂದಿದ್ದಾಕೆ ಕಣ್ಣೊರೆಸಿಕೊಂಡು ಹೊರಬಂದಳು, ಆಪಾ ಅವಳನ್ನು ಮೆಟ್ಟಿಲಿಳಿಸಿ ಕಳಿಸಿ, ಚಹಾ ಕುಡಿಯುತ್ತ ಫೋನು ತೆಗೆದು ನೋಡಿದರು. ಮನೆಯಿಂದ ಕರೆಯ ಮೇಲೆ ಕರೆ ಬಂದಿದ್ದವು. ತಿರುಗಿ ಮಾಡಿದರು. ಆಚೆಯಿಂದ ಅವರ ಯಜಮಾನರ ದನಿ ನನಗೂ ಕೇಳುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ಆಪಾ ಮೆಟ್ಟಿಲ ಮೇಲೆ ಕೂತರು.

"ಟೀಚರ್, ಬಿಜಾಪುರ ಬಸ್ಸ ಎಷ್ಟಕ್ಕ ಐತಿ?" ಎಂದು ಕೇಳಿದರು. ಅವರು ವಾರವಾರವೂ ಮನೆಗೆ ಮರಳುತ್ತಿದ್ದುದೇ ಬಿಜಾಪುರದ ಮೇಲಿಂದ, ಆ ಬಸ್ಸಿನ ವೇಳೆ ಅವರಿಗೆ ಬಾಯಿಪಾಠವಿತ್ತು.

ಬಾಗೇವಾಡಿ ರಸ್ತೆಯಲ್ಲಿ ಕಬ್ಬು ಹೇರಿದ ಟ್ರೇಲರ್ ಒಂದು ಕೆಟ್ಟು ನಿಂತಿತ್ತಂತೆ. ಹಿಂದೆ ದೀಪವಿಲ್ಲ, ಒಂದು ಕೆಂಪು ಬಟ್ಟೆಯೂ ಇಲ್ಲ. ಮುಸ್ಸಂಜೆಯಲ್ಲಿ ಗೆಳತಿಯ ಸ್ಕೂಟಿ ಹೋಗಿ ಅದಕ್ಕೆ ಬಡಿಯಿತು. ಗೆಳತಿ ಕಾಲು ಮುರಿದುಕೊಂಡು ಉಳಿದಳು. ಹಿಂದೆ ಕೂತಿದ್ದ ಆಪಾ ಮಗಳು ಆಸ್ಪತ್ರೆ ಮುಟ್ಟುವ ತನಕ ಅಮ್ಮನನ್ನು ಕರೆದಳಂತೆ.

ನಾನು ಅವರನ್ನು ಮುದ್ದೇಬಿಹಾಳದವರೆಗೆ ಬಿಟ್ಟುಬಂದೆ. ಇಡೀ ದಾರಿ ಅವರು ಅಳಲಿಲ್ಲ. ಕಂಡಕ್ಟರ್ ಟಿಕೆಟ್ ಕೇಳಿದಾಗ ಊರಿನ ಹೆಸರು ನೆನಪಾಗದೆ ನನ್ನ ಮುಖ ನೋಡಿದರು.

ಅವರು ಕೆಲಸಕ್ಕೆ ಮರಳಿ ಬಂದರು. ಬೇಗನೇ ಬಂದರು ಎಂದು ಜನ ಆಡಿಕೊಂಡದ್ದೂ ಉಂಟು. ಬಂದವರ ಮುಂದೆ ಅವರು ಹಳೆಯ ಆಪಾ. ಅದೇ ತಂಬಿಗೆ, ಕೊಡ, ಹಂಡೆ, ಅದೇ "ನಾ ಇಲ್ಲೇ ಅದೇನಿ." ನನಗೆ ಮಾತ್ರ ಬೇರೆ ಕಾಣುತ್ತಿತ್ತು. ಚೀಲವನ್ನು ಈಗ ಬಾಗಿಲ ಮೊಳೆಗೆ ತೂಗುಹಾಕುತ್ತಿದ್ದರು. ಅದು ಮೊದಲು ಇರುತ್ತಿದ್ದ ಎಡಮೂಲೆಯನ್ನು ಗುಡಿಸುತ್ತಿರಲಿಲ್ಲ. ಕಸ ಅಲ್ಲಿಯೇ ಕೂಡಿಬೀಳುತ್ತಿತ್ತು, ಅವರು ಹೋದ ಮೇಲೆ ನಾನು ಗುಡಿಸುತ್ತಿದ್ದೆ. ಮಗಳ ಮಾತು ನಿಂತೇಹೋಯಿತು. ನಾನು ಎತ್ತಿದರೆ "ಚಹಾ ಆರ್ತೈತಿ ನೋಡು" ಎನ್ನುತ್ತಿದ್ದರು.

ಒಮ್ಮೆ ಧೈರ್ಯ ಮಾಡಿದೆ. "ಆಪಾ, ಬಿಜಾಪುರದ ಡಾಕ್ಟರಮ್ಮನ ಹತ್ರ ನೀವೂ ಒಮ್ಮಿ ಕುಂದರ್ರಿ."

ಅವರು ದುಪಟ್ಟಾದ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡರು. ಕೈಯಲ್ಲಿ ಯಾವ ಕೆಲಸವೂ ಇರಲಿಲ್ಲ.

"ನನ್ನ ಕಣ್ಣ ಎಲ್ಲಿ ನಿಂದರ್ತಾವು ಅಂತ ನನಗ ಗೊತ್ತೈತಿ. ಅಲ್ಲಿ ಆಕಿ ಇನ್ನೂ ಕರ್ಯಾಕತ್ತಾಳ. ಆ ದನಿನೂ ಹೋತಂದ್ರ ನನಗ ಏನ ಉಳೀತು?"

"ಮರಿಯೂದಲ್ಲ ಅಂತ ನೀವ ಹೇಳಿದ್ರಿ."

"ನಿನಗ ಹೇಳಿದ್ದು ಖರೇನ ಐತಿ. ನನಗ ಹೇಳ್ಕೊಳ್ಳಾಕ ಬರವಲ್ದು, ಏನ ಮಾಡ್ಲಿ?"

ನಾನು ಫ್ಲಾಸ್ಕಿನಿಂದ ಅವರಿಗೆ ಚಹಾ ಬಗ್ಗಿಸಿ ಕೊಟ್ಟೆ.

ಹಾಗೆ ಒಂದು ವರ್ಷದ ಮೇಲಾಯಿತು. ನಮ್ಮ ಶಾಲೆಯ ಒಬ್ಬ ಹುಡುಗಿಯ ಅಪ್ಪ ಕಬ್ಬಿನ ಟ್ರ್ಯಾಕ್ಟರ್ ಓಡಿಸುವವನು. ಅವನ ಗಾಡಿಗೆ ಅಡ್ಡ ಬಂದು ಒಬ್ಬ ಸೈಕಲ್ಲಿನವ ತೀರಿಕೊಂಡಿದ್ದ. ಪೊಲೀಸರೂ ಇವನದು ತಪ್ಪಿಲ್ಲ ಎಂದಿದ್ದರು. ಆದರೂ ಅವನು ಊಟ ಬಿಟ್ಟ, ಮಾತು ಬಿಟ್ಟ. ಬಾವಿಯ ಕಡೆಗೆ ಹೋಗುತ್ತಾನೆ, ಹಿಂದೆ ಹಿಂದೆ ನಾನು ಕಾಯುತ್ತೇನೆ ಎಂದು ಅವನ ಹೆಂಡತಿ ಶಾಲೆಗೆ ಬಂದು ಅತ್ತಳು. ಅವನಿಗೆ ಬೇಕಾಗಿದ್ದುದು ಯಾರು ಎಂದು ನನಗೆ ಗೊತ್ತಿತ್ತು. ಅವರ ಮುಂದೆ ಒಬ್ಬ ಕಬ್ಬಿನ ಗಾಡಿಯವನನ್ನು ಹೇಗೆ ನಿಲ್ಲಿಸುವುದು ಎಂಬುದು ಗೊತ್ತಿರಲಿಲ್ಲ. ಕಡೆಗೆ ಆಪಾಗೆ ಇದ್ದದ್ದು ಇದ್ದ ಹಾಗೆ ಹೇಳಿ, "ನಿಮ್ಮ ಕಡಿಂದ ಆಗಲಿಲ್ಲಂದ್ರ ಬ್ಯಾರೆ ಕಡೆ ಕಳಸ್ರಿ, ಅವರು ಬಿಜಾಪುರಕ್ಕ ಹೋಗ್ತಾರ" ಎಂದೆ.

ಅವರು ಚಹಾದ ಲೋಟ ಕೆಳಗಿಟ್ಟರು. "ಬಾವಿಗೆ ಹೋಗ್ತಾನಂತೇನು?" ಎಂದು ಕೇಳಿದರು. ಹೌದೆಂದೆ. "ಹಂಗಾದ್ರ ಇವತ್ತ ಕರಕೊಂಡ ಬಾ."

ನಾನೂ ಅವನ ಹೆಂಡತಿಯೂ ಮೆಟ್ಟಿಲ ಮೇಲೆ ಕೂತೆವು. ಬಾಗಿಲು ಮುಚ್ಚಿತ್ತು. ಬಹಳ ಹೊತ್ತು ಏನೂ ಕೇಳಲಿಲ್ಲ. ಆಮೇಲೆ ಗಂಡಸೊಬ್ಬ ಬಿಕ್ಕಿ ಬಿಕ್ಕಿ ಅಳುವುದು ಕೇಳಿತು. ಹೆಂಡತಿ ನನ್ನ ಕೈ ಹಿಸುಕಿದಳು. "ಅಳಾಕತ್ತಾನ್ರಿ. ಅಂದಿನಿಂದ ಅತ್ತಿದ್ದಿಲ್ರಿ ಅಂವಾ" ಎಂದಳು.

ಅವನು ಏನು ಹೇಳಿದನೆಂದು ಆಪಾ ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಅವರಿಬ್ಬರೂ ಹೋದ ಮೇಲೆ ಆಪಾ ಕೊಡದಿಂದ ನೀರು ಬಗ್ಗಿಸಿಕೊಂಡು ಮುಖ ತೊಳೆದರು, ಮತ್ತೆ ತೊಳೆದರು. ನೀರು ಹನಿಯುತ್ತಿದ್ದ ಮುಖದಲ್ಲೇ ನನ್ನ ಪಕ್ಕ ಕೂತರು.

"ನೀ ಬದುಕಬೇಕಪಾ ಅಂತ ಅವಗ ಅಂದೆ. ಬಾಯಿ ತುಂಬ ಅಂದೆ. ಇದನ್ನ ನನಗ ಯಾರೂ ಅಂದಿಲ್ಲ ನೋಡು." ದುಪಟ್ಟಾದಿಂದ ಮುಖ ಒರೆಸಿಕೊಂಡು, "ಬಿಜಾಪುರಕ್ಕ ನೀ ಜೋಡಿ ಬರ್ತಿಯೇನು?" ಎಂದರು.

ಹೋದೆವು. ಎಷ್ಟೋ ಸಲ ಹೋದೆವು. ಒಳಗೆ ಅವರು, ಹೊರಗಿನ ಬೆಂಚಿನ ಮೇಲೆ ನಾನು. ಮೊದಮೊದಲು ಹೊರಬಂದಾಗ ಅವರಿಗೆ ನಡೆಯಲೂ ಆಗುತ್ತಿರಲಿಲ್ಲ. ನಾನು ತೋಳು ಹಿಡಿದು ಬಸ್ಸಿಗೆ ಹತ್ತಿಸುತ್ತಿದ್ದೆ. ಒಂದು ದಿನ ಬಸ್ಸು ಊರು ದಾಟುತ್ತಿದ್ದಂತೆ ಅವರಷ್ಟಕ್ಕೆ ಅವರು ನಗತೊಡಗಿದರು.

"ಚಪ್ಪಲಿ ಎಲ್ಲಿ ಮುಚ್ಚಿಡತಿದ್ಲು ಗೊತ್ತೇನು? ಅಕ್ಕಿ ಡಬ್ಯಾಗ! ಒಂದಿನ ಅನ್ನಾ ಮಾಡಾಕಂತ ಕೈ ಹಾಕ್ತೇನಿ, ಚಪ್ಪಲಿ ಬಂತು. ಹೊಡ್ಯಾಕ ಎತ್ತಿದ್ರ, 'ಅಮ್ಮೀ, ಹೊಡದ್ರ ಹೊಡಿ, ಆದ್ರ ಹೋಗಬ್ಯಾಡ' ಅಂತಿತ್ತು ಖೋಡಿ."

ನಕ್ಕರು, ನಗುತ್ತಲೇ ಅತ್ತರು. ಮುಂದಿನ ಸೀಟಿನವರು ತಿರುಗಿ ನೋಡಿದರೂ ಲೆಕ್ಕಿಸಲಿಲ್ಲ. ಬಾಗೇವಾಡಿ ಬರುವವರೆಗೂ ಮಗಳದೇ ಮಾತು. ಅವಳು ಕಂಡಕ್ಟರರ ದನಿ ಅನುಕರಿಸುತ್ತಿದ್ದುದು, ಪರೀಕ್ಷೆಯ ದಿನ ಅಪ್ಪನ ಹೊಲಿಗೆ ಯಂತ್ರದ ಕೆಳಗೆ ಕೂತು ಓದುತ್ತಿದ್ದುದು. "ಆಕಿ ಸತ್ತದ್ದೊಂದ ಅಲ್ಲವಾ, ಇದ್ದದ್ದೂ ಖರೇ" ಎಂದರು.

ಅದಾಗಿ ಒಂದು ಮಳೆಗಾಲ ಕಳೆಯಿತು, ಅಷ್ಟೇ. ಒಂದು ಶನಿವಾರ ಬೆಳಿಗ್ಗೆ ಮುದ್ದೇಬಿಹಾಳದಿಂದ ಬಾಗೇವಾಡಿಗೆ ಹೊರಟವರು ಬಸ್ಸಿನ ಕಿಟಕಿಗೆ ತಲೆ ಆನಿಸಿ ಕೂತಿದ್ದರು. ನಿದ್ದೆ ಹತ್ತಿದೆ ಎಂದು ಎಲ್ಲರೂ ತಿಳಿದರಂತೆ. ಬಾಗೇವಾಡಿಯಲ್ಲಿ ಎಲ್ಲರೂ ಇಳಿದ ಮೇಲೆ, "ಆಪಾ, ಬಾಗೇವಾಡಿ ಬಂತ್ರಿ" ಎಂದು ಕಂಡಕ್ಟರ್ ಭುಜ ಮುಟ್ಟಿದ. ಹೃದಯ ನಿಂತುಹೋಗಿತ್ತು.

ತೀರಿಕೊಂಡವರಿಗಾಗಿ ಮೂರನೆಯ ದಿನ ಮಾಡುವ ಪ್ರಾರ್ಥನೆಗೆ, ಜಿಯಾರತ್ತಿಗೆ, ನಾನು ಮುದ್ದೇಬಿಹಾಳಕ್ಕೆ ಹೋದೆ. ಮನೆಯ ಓಣಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಸಿಂದಗಿಯಿಂದ, ಹೊರ್ತಿಯಿಂದ, ಯಾವ ಯಾವ ಹಳ್ಳಿಯಿಂದಲೋ ಬಂದ ಹೆಂಗಸರು, ಗಂಡಸರು. ಬಂಧುಗಳಿಗೆ ಅವರ ಗುರುತಿಲ್ಲ. ಅವರಿಗೂ ಒಬ್ಬರದೊಬ್ಬರಿಗೆ ಗುರುತಿಲ್ಲ. ನಿಮಗೆ ಅವರು ಹೇಗೆ ಗೊತ್ತು ಎಂದು ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಕಬ್ಬಿನ ಟ್ರ್ಯಾಕ್ಟರಿನವನೂ ಹೆಂಡತಿಯೊಡನೆ ಗೋಡೆಯ ಪಕ್ಕ ನಿಂತಿದ್ದ. ನನ್ನನ್ನು ನೋಡಿಯೂ ನೋಡದವನಂತೆ ತಲೆ ತಗ್ಗಿಸಿದ.

ಹೊರಡುವ ಮೊದಲು ಅವರ ಯಜಮಾನರಿಗೆ ಹೇಳಿ ಹೋಗೋಣವೆಂದು ಅಂಗಳಕ್ಕೆ ಬಂದೆ. ಅವರು ದರ್ಜಿ. ತೆಳ್ಳಗಿನ, ಮೆದು ಮಾತಿನ ಮನುಷ್ಯ. ತಮ್ಮ ಹೊಲಿಗೆ ಯಂತ್ರದ ಮುಂದಿನ ಸ್ಟೂಲಿನ ಮೇಲೆ ಕೂತಿದ್ದರು. ನನ್ನನ್ನು ಗುರುತಿಸಿ ಎದ್ದು ನಿಂತರು.

"ಟೀಚರ್, ಇಷ್ಟ ಮಂದಿ ಯಾರ್ರಿ ಇವರು? ಆಕಿ ಮನ್ಯಾಗ ಕೆಲಸದ ಮಾತ ಒಂದಕ್ಷರ ತೆಗೀತಿದ್ದಿಲ್ಲ. ನಾ ಕೇಳ್ತನೂ ಇದ್ದಿಲ್ಲ." ಓಣಿಯ ಕಡೆ ನೋಡಿದರು. "ಮಗಳ ಹೆಸರ ತಗೊಂಡ ನಗಾಕ ಹತ್ತಿದ್ಲ್ರಿ. ಮನಿ ಮತ್ತ ಮನಿ ಆಗಾಕತ್ತಿತ್ತು. ಅಷ್ಟರಾಗ ತಾನೂ ಹ್ವಾದ್ಲು. ಈಗ ಇಬ್ಬರ ಹೆಸರೂ ನಾ ಒಬ್ಬನ ತಗೋಬೇಕು."

ಅವರು ಹೊಲಿಗೆ ಯಂತ್ರದ ಗಾಲಿಯ ಮೇಲೆ ಕೈಯಿಟ್ಟರು.

"ಅಲ್ಲಿ ಕುಂತಾಗ ಆಕಿ ಹ್ಯಾಂಗ ಇರ್ತಿದ್ಲು, ಹೇಳ್ರಿ. ನಾ ಒಂದಿನಾನೂ ನೋಡಿಲ್ಲ."

ಅಂಗಳದಲ್ಲಿ ಇನ್ನೂ ಅನೇಕರು ಇದ್ದರು. ಆಪಾ ಇದ್ದಿದ್ದರೆ ನನ್ನ ಮಾತನ್ನು ಎತ್ತುತ್ತಿರಲಿಲ್ಲ. ಅದು ನನ್ನ ಖುಷಿಗೆ ಬಿಟ್ಟದ್ದಾಗಿತ್ತು. ನಾನು ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿಯೇ ಹೇಳಿದೆ: "ನನ್ನ ತಂಗಿ ಸಿಡಿಲ ಬಡದು ತೀರಿಕೊಂಡ್ಲ್ರಿ. ನನ್ನ ಕಣ್ಣ ಮುಂದನ. ಅದಾದ ಮ್ಯಾಲೆ ನಾ ಆಪಾನ ಹತ್ರ ಹೋದೆ."

ಅವರು ಸ್ಟೂಲಿನ ಮೇಲೆ ಕೂತು ನನ್ನ ಮುಖವನ್ನೇ ನೋಡುತ್ತ ಕೇಳತೊಡಗಿದರು. ನನ್ನ ಮಾತು ಮುಗಿಯುವ ಹೊತ್ತಿಗೆ ಟ್ರ್ಯಾಕ್ಟರಿನವನು ಗೋಡೆ ಬಿಟ್ಟು ಹತ್ತಿರ ಬಂದಿದ್ದ. ಟವೆಲಿನಿಂದ ಮುಖ ಒರೆಸಿಕೊಂಡು ಅವರ ಮುಂದೆ ನೆಲದ ಮೇಲೆ ಕೂತ.

"ಸಾಹೇಬ್ರ, ನಂದೂ ಹೇಳ್ತೇನ್ರಿ" ಎಂದ. ಅವನ ಹಿಂದೆ ಇನ್ನೊಬ್ಬಾಕೆ ಬಂದು ನಿಂತಳು. ಅವಳು ಯಾರೋ ನನಗೆ ಗೊತ್ತಿರಲಿಲ್ಲ.